ಆಫರಮ್ಮನ ಪಾಕಶಾಸ್ತ್ರ

ಇವತ್ತು ಅಡುಗೆ ಏನು ಎಂಬುದನ್ನು ತೀರ್ಮಾನಿಸುವ ಅಧಿಕಾರ ನಮ್ಮ ಮನೆಗಳಲ್ಲಿ ಬಹುಕಾಲ ಮೂರರ ಕೈಯಲ್ಲಿತ್ತು: ಪಂಚಾಂಗ, ಸಂತೆ, ಮಾವನವರ ಹಲ್ಲು. ಏಕಾದಶಿಗೆ ಅವಲಕ್ಕಿ. ಸೊಗಡವರೆ ಬಂದ ತಿಂಗಳು ಉಪ್ಪಿಟ್ಟಿನಿಂದ ಹಿಡಿದು ಸಾರಿನವರೆಗೆ ಎಲ್ಲದಕ್ಕೂ ಅವರೆಕಾಳು. ಹಲ್ಲುನೋವಿನ ದಿನ ಮೆತ್ತಗೆ ಕಿವುಚಿದ ಅನ್ನ, ತಿಳಿಸಾರು. ಈಗ ಆ ಅಧಿಕಾರ ಊರಾಚೆಯ ಯಾವುದೋ ಗೋದಾಮಿನ ಮ್ಯಾನೇಜರಿಗೆ ವರ್ಗವಾಗಿದೆ. ಅವನ ಕಪಾಟಿನಲ್ಲಿ ಯಾವುದು ಮಾರಾಟವಾಗದೆ ಕೂತಿದೆಯೋ ಅದು ಶುಕ್ರವಾರ ರಾತ್ರಿ ಆಫರ್ ಆಗುತ್ತದೆ, ಭಾನುವಾರ ಮಧ್ಯಾಹ್ನ ನಮ್ಮ ತಟ್ಟೆಗೆ ಬೀಳುತ್ತದೆ. ನಡುವೆ ಒಬ್ಬ ದಲ್ಲಾಳಿ ಬೇಕಲ್ಲ? ಆ ಕೆಲಸವನ್ನು ಸಂಬಳವಿಲ್ಲದೆ, ಸಂಭ್ರಮದಿಂದ ಮಾಡಿಕೊಡುವವರೇ ಆಫರಮ್ಮ.

ಬೆಂಗಳೂರಿನ ಪ್ರತಿ ಅಪಾರ್ಟ್‌ಮೆಂಟಿನಲ್ಲೂ ಒಬ್ಬರು ಆಫರಮ್ಮ ಇರುತ್ತಾರೆ. ಬ್ಲಾಕು ಬೇರೆ, ಮಾತೃಭಾಷೆ ಬೇರೆ, ಧರ್ಮ ಒಂದೇ: ಎಂಆರ್‌ಪಿ ಕೊಟ್ಟು ಕೊಳ್ಳುವುದು ಪಾಪ. ಇವರು ಆಗಾಗ ತಮ್ಮ ಮನೆಯಲ್ಲೇ ಒಂದು ಅಡುಗೆ ಡೆಮೊ ಇಟ್ಟುಕೊಳ್ಳುತ್ತಾರೆ. ವಾಟ್ಸ್ಯಾಪ್ ಗುಂಪಿಗೆ ಕರೆಯೋಲೆ ಬರುತ್ತದೆ: ‘ಇನ್ನೂರು ರೂಪಾಯಿಯಲ್ಲಿ ಆರು ಜನಕ್ಕೆ ಭರ್ಜರಿ ಊಟ! ಬರುವಾಗ ಫೋನ್ ಫುಲ್ ಚಾರ್ಜ್ ಮಾಡಿಕೊಂಡು ಬನ್ನಿ.’ ಅಡುಗೆ ಕಲಿಯಲು ಫೋನಿಗೇಕೆ ಚಾರ್ಜು ಎಂದು ಕೇಳುವವರಿಗೆ ಈ ಶಾಸ್ತ್ರದ ಓಂಕಾರವೇ ಗೊತ್ತಿಲ್ಲ. ಇಲ್ಲಿ ಉಪ್ಪು ಹಾಕುವುದು ಆಮೇಲೆ, ಕೋಡ್ ಹಾಕುವುದು ಮೊದಲು.

ನಾನು ಹೋದ ಡೆಮೊದಲ್ಲಿ ಮುಖ್ಯ ಪದಾರ್ಥ ಓಟ್ಸ್ ಬಿಸಿಬೇಳೆಬಾತ್, ಅದರೊಳಗೆ ಸೋಯಾ ಚಂಕ್ಸ್ ಮತ್ತು ಸ್ವೀಟ್ ಕಾರ್ನ್. ಜೊತೆಗೆ ಮೇಯೊನೀಸ್ ಮೊಸರುಬಜ್ಜಿ. ಇವೆಲ್ಲ ಒಂದೇ ಪಾತ್ರೆಗೆ ಬಂದದ್ದು ರುಚಿಯ ನಂಟಿನಿಂದಲ್ಲ, ಬಿಲ್ಲಿನ ನಂಟಿನಿಂದ. ಓಟ್ಸ್ ಒಂದಕ್ಕೆ ಒಂದು ಉಚಿತ. ಓಟ್ಸ್ ಜೊತೆ ಸೋಯಾ ಅರ್ಧ ಬೆಲೆ. ಮೇಯೊನೀಸ್ ಡಬ್ಬಿಯ ಮೇಲಿನ ಕೊನೆಯ ತಾರೀಖಿಗೆ ಇನ್ನು ನಾಲ್ಕೇ ದಿನ ಇದ್ದದ್ದರಿಂದ ಅದನ್ನು ಹೆಚ್ಚುಕಡಿಮೆ ದಾನವಾಗಿ ಕೊಟ್ಟಿದ್ದರು. ಆಫರಮ್ಮ ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಬಿಲ್ಲು ಹಿಡಿದು ವಿವರಿಸುತ್ತಿದ್ದರು. “ಈಗ ಎರಡು ಚಮಚ ಎಣ್ಣೆ ಹಾಕ್ತೀನಿ. ನಿಮಗೆ ನಾಲ್ಕು ರೂಪಾಯಿ ಆಗುತ್ತೆ, ನನಗೆ ಮೂರು.” ಸಾಸಿವೆ ಚಿಟಪಟ ಅಂದಾಗ ಯಾರೂ ಒಗ್ಗರಣೆ ನೋಡಲಿಲ್ಲ. ಎಲ್ಲರೂ ಮನಸ್ಸಿನಲ್ಲೇ ಒಂದು ರೂಪಾಯಿ ಕಳೆದುಕೊಂಡ ದುಃಖದಲ್ಲಿದ್ದರು.

“ಅಯ್ಯೋ ಆಂಟಿ, ನೀವು ಇನ್ನೂ ಮೂಲೆ ಅಂಗಡಿ ಶೆಟ್ಟರ ಹತ್ರ ಪೂರ್ತಿ ರೇಟ್ ಕೊಟ್ಟು ತಗೋತೀರಾ?” ಎಂದು ಎದುರುಮನೆಯವರನ್ನು ಕೇಳಿದಾಗ ಆ ಆಂಟಿಯ ಮುಖ ನೋಡಬೇಕಿತ್ತು.

ಆ ಇನ್ನೂರು ರೂಪಾಯಿಯ ಲೆಕ್ಕವನ್ನೂ ಸ್ವಲ್ಪ ಬಿಡಿಸಿ ನೋಡೋಣ. ರಿಯಾಯಿತಿ ದಕ್ಕಬೇಕಾದರೆ ಬುಟ್ಟಿ ಸಾವಿರದೈನೂರು ಮುಟ್ಟಬೇಕು. ಮುಟ್ಟಿಸಲು ಬೇಡದ ನೆಲ ಒರೆಸುವ ದ್ರಾವಣ ಎರಡು ಕ್ಯಾನು ಹಾಕಬೇಕು. ಹಣ ಇಂಥದೇ ಬ್ಯಾಂಕಿನ ಕ್ರೆಡಿಟ್ ಕಾರ್ಡಿನಿಂದಲೇ ಹೋಗಬೇಕು. ಕಡಿಮೆ ಕೊಂಡರೆ ‘ಚಿಕ್ಕ ಬುಟ್ಟಿ’ ಶುಲ್ಕ, ಹೆಚ್ಚು ಕೊಂಡರೂ ‘ಹ್ಯಾಂಡ್ಲಿಂಗ್’ ಶುಲ್ಕ, ಮಳೆ ಬಂದರೆ ಮಳೆಗೂ ಶುಲ್ಕ. ಇಷ್ಟಾದ ಮೇಲೆ ಎಪ್ಪತ್ತೈದು ರೂಪಾಯಿ ಕ್ಯಾಶ್‌ಬ್ಯಾಕ್ ಬರುತ್ತದೆ. ಬರುವುದು ಜೇಬಿಗಲ್ಲ, ಅದೇ ಆಪ್‌ನ ವಾಲೆಟ್ಟಿಗೆ. ಒಂದು ವಾರದೊಳಗೆ ಮತ್ತೆ ಅಲ್ಲೇ ಖರ್ಚು ಮಾಡದಿದ್ದರೆ ಬಂದ ದಾರಿಗೆ ಸುಂಕವಿಲ್ಲದಂತೆ ಹೊರಟುಹೋಗುತ್ತದೆ. ಆಫರಮ್ಮನ ಮನೆಯಲ್ಲಿ ಉಳಿತಾಯ ಎಷ್ಟು ಜೋರಾಗಿದೆ ಎಂದರೆ, ಅದನ್ನು ಇಡಲು ಜಾಗ ಸಾಲದೆ ಎರಡು ಬಾಗಿಲಿನ ಫ್ರಿಜ್ ತಂದಿದ್ದಾರೆ. ಕಂತು ಹದಿನೆಂಟು ತಿಂಗಳು. ಯಜಮಾನರು ಆ ಫ್ರಿಜ್ಜಿನ ಪಕ್ಕದಲ್ಲೇ ನಿಂತು ಬಂದವರಿಗೆಲ್ಲ ನೀರು ಕೊಡುತ್ತಿದ್ದರು. ಮಾತಾಡಲಿಲ್ಲ. ಕ್ರೆಡಿಟ್ ಕಾರ್ಡು ಅವರದು ಎಂದು ಆಮೇಲೆ ತಿಳಿಯಿತು.

ಇದು ಆಫರಮ್ಮನ ಆವಿಷ್ಕಾರ ಅಂದುಕೊಂಡರೆ ಅಮೆರಿಕಕ್ಕೆ ಅನ್ಯಾಯ ಮಾಡಿದಂತೆ. 1880ರ ದಶಕದ ಕೊನೆಯಲ್ಲಿ ಅಟ್ಲಾಂಟಾದ ಕೋಕಾ-ಕೋಲಾದವರು ‘ಒಂದು ಗ್ಲಾಸು ಪುಕ್ಕಟೆ’ ಎಂಬ ಚೀಟಿ ಹಂಚತೊಡಗಿದರು. 1894ರಿಂದ 1913ರೊಳಗೆ ಹೀಗೆ ಸುಮಾರು 85 ಲಕ್ಷ ಗ್ಲಾಸು ಬಿಟ್ಟಿ ಕುಡಿಸಿದ್ದೇವೆಂಬುದು ಕಂಪನಿಯದೇ ಅಂದಾಜು. ಬಿಟ್ಟಿ ಕುಡಿದವರ ಮೊಮ್ಮಕ್ಕಳು ಇವತ್ತಿಗೂ ದುಡ್ಡು ಕೊಟ್ಟು ಕುಡಿಯುತ್ತಿದ್ದಾರೆ. ಮನೆಯೊಳಗೆ ಅಡುಗೆ ಮಾಡಿ ತೋರಿಸಿ ಮಾರುವ ಕಲೆಯೂ ಅಮೆರಿಕದವರದೇ. ಕಳೆದ ಶತಮಾನದ ಮೊದಲ ದಶಕಗಳಲ್ಲಿ ವೇರ್‌-ಎವರ್ ಎಂಬ ಅಲ್ಯುಮಿನಿಯಂ ಪಾತ್ರೆ ಕಂಪನಿಯ ಮಾರಾಟಗಾರರು ಯಾರದೋ ಮನೆಗೆ ಬಂದು, ಆ ಮನೆಯೊಡತಿ ಕರೆಸಿದ ನೆಂಟರಿಷ್ಟರಿಗೆಲ್ಲ ತಾವೇ ಬೇಯಿಸಿ ಬಡಿಸಿ, ಕೈ ತೊಳೆಯುವ ಹೊತ್ತಿಗೆ ಆರ್ಡರ್ ಪುಸ್ತಕ ತೆಗೆಯುತ್ತಿದ್ದರು. ಉಂಡ ಮನೆಯಲ್ಲಿ ಒಲ್ಲೆ ಅನ್ನುವುದು ಹೇಗೆ? ದಾಕ್ಷಿಣ್ಯಕ್ಕೆ ಬಸಿರಾಗುವುದು ನಮ್ಮಲ್ಲಿ ಗಾದೆ, ಅವರಲ್ಲಿ ಅದು ಬಿಸಿನೆಸ್ ಮಾಡೆಲ್.

ಅದನ್ನು ಶಿಖರಕ್ಕೆ ಒಯ್ದವಳು ಬ್ರೌನಿ ವೈಸ್. ಟಪ್ಪರ್‌ವೇರ್ ಡಬ್ಬಿಗಳನ್ನು ಅಂಗಡಿಯ ಕಪಾಟಿನಿಂದ ಇಳಿಸಿ ಗೃಹಿಣಿಯರ ಹಜಾರಕ್ಕೆ ತಂದವಳು. ಪಕ್ಕದ ಮನೆಯವಳೇ ಮಾರಿದರೆ ಚೌಕಾಸಿ ಇರುವುದಿಲ್ಲ ಎಂದು ಕಂಡುಕೊಂಡವಳು. 1954ರಲ್ಲಿ ‘ಬಿಸಿನೆಸ್ ವೀಕ್’ ಪತ್ರಿಕೆಯ ಮುಖಪುಟ ಹತ್ತಿದ ಮೊದಲ ಹೆಂಗಸು. 1958ರಲ್ಲಿ ಮಾಲೀಕ ಅರ್ಲ್ ಟಪ್ಪರ್ ಅವಳನ್ನು ಒಂದು ವರ್ಷದ ಸಂಬಳ ಕೊಟ್ಟು ಮನೆಗೆ ಕಳಿಸಿದ. ಕಂಪನಿಯ ಷೇರು ಅವಳ ಹೆಸರಿನಲ್ಲಿ ಒಂದೂ ಇರಲಿಲ್ಲ. ಅದೇ ವರ್ಷ ಅವನು ಕಂಪನಿಯನ್ನು 1.6 ಕೋಟಿ ಡಾಲರಿಗೆ ಮಾರಿದ. ಆ ಡಬ್ಬಿಗಳು 1996ರಲ್ಲಿ ಭಾರತಕ್ಕೆ ಬಂದು, ನಮ್ಮ ಲೇಡೀಸ್ ಕ್ಲಬ್ಬುಗಳಲ್ಲಿ ಕಿಟ್ಟಿ ಪಾರ್ಟಿ ಎಂಬ ಹಬ್ಬಕ್ಕೆ ಪ್ರಸಾದವಾದವು. 2024ರ ಸೆಪ್ಟೆಂಬರಿನಲ್ಲಿ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಡಬ್ಬಿ ಮಾತ್ರ ಮುಚ್ಚಳ ಕಳೆದುಕೊಂಡು ಎಲ್ಲರ ಮನೆಯಲ್ಲೂ ಇದೆ.

ನಮ್ಮ ನೆಲದಲ್ಲಿ ಈ ಧರ್ಮದ ಮಹಾದಿನ ಎಂದರೆ 2006ರ ಜನವರಿ 26. ಗಣರಾಜ್ಯೋತ್ಸವದ ದಿನ ಬಿಗ್ ಬಜಾರಿನವರು ‘ಸಬ್ಸೇ ಸಸ್ತಾ ದಿನ್’ ಸಾರಿದರು. ಜನ ಬಾಗಿಲು ಮುರಿಯುವಷ್ಟು ನುಗ್ಗಿದರು. ಸಂವಿಧಾನ ಜಾರಿಯಾದ ದಿನಕ್ಕೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಎಲ್ಲಕ್ಕಿಂತ ಅಗ್ಗ ಎಂದು ಕೂಗಿದವರ ಕಂಪನಿ 2022ರಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಅವರಿಂದ ಅಗ್ಗವಾಗಿ ಕೊಂಡವರು ಪಾಠ ಕಲಿಯಬೇಕಿತ್ತು, ಪಕ್ಕದ ಅಂಗಡಿಯ ಕ್ಯೂ ಸೇರಿಕೊಂಡರು.

ರಿಯಾಯಿತಿ ಎಂಬುದನ್ನು ಅಳೆಯುವುದು ಯಾವುದರಿಂದ? ಎಂಆರ್‌ಪಿಯಿಂದ. ಎಂಆರ್‌ಪಿ ಬರೆಯುವವರು ಯಾರು? ತಯಾರಿಸುವವರೇ. ಅಚ್ಚಾದ ಬೆಲೆಗಿಂತ ಹೆಚ್ಚಿಗೆ ಮಾರಬಾರದು ಎಂದು ಕಾನೂನು ಹೇಳುತ್ತದೆ. ಎಣ್ಣೆಗೋ ಓಟ್ಸಿಗೋ ಎಷ್ಟು ಬೆಲೆ ಅಚ್ಚು ಹಾಕಬೇಕು ಎಂದು ಹೇಳುವುದಿಲ್ಲ. ಹಾಗಾಗಿ ನೂರರ ಸಾಮಾನಿಗೆ ಇನ್ನೂರು ಎಂದು ಬರೆದು, ಅರ್ಧಕ್ಕೆ ಇಳಿಸಿ, ಕೊಂಡವರ ಬೆನ್ನು ತಟ್ಟಬಹುದು. ಪೊಟ್ಟಣದ ಮೇಲೆ ಗ್ರಾಂಗೆ ಅಥವಾ ಲೀಟರಿಗೆ ಬೀಳುವ ಬೆಲೆಯನ್ನೂ ಅಚ್ಚು ಹಾಕಬೇಕು ಎಂಬ ನಿಯಮವನ್ನು ಒಂದು ತಿದ್ದುಪಡಿ ತಂದಿತು. ಆದರೆ ಅದೇ ತಿದ್ದುಪಡಿ ಇನ್ನೊಂದು ಉಪಕಾರವನ್ನೂ ಮಾಡಿತು: ಎಣ್ಣೆ, ಬಿಸ್ಕತ್ತು, ಟೀಪುಡಿಯಂಥವನ್ನು ಇಂತಿಂಥ ತೂಕದಲ್ಲೇ ತುಂಬಬೇಕು ಎಂಬ ಹಳೆಯ ಪಟ್ಟಿಯನ್ನು ತೆಗೆದುಹಾಕಿತು. ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಈಗ ಅದೇ ಗಾತ್ರದ, ಅದೇ ಸೂರ್ಯಕಾಂತಿ ನಗುವ ಪೊಟ್ಟಣದಲ್ಲಿ 850 ಇರಬಹುದು, 800 ಇರಬಹುದು. ಗೊತ್ತಾಗಬೇಕಾದರೆ ಹಿಂಬದಿಯ ಇರುವೆಸಾಲಿನಂಥ ಅಕ್ಷರ ಓದಬೇಕು. ಆಫರಮ್ಮ ಓದುವುದು ಮುಂಬದಿಯನ್ನು ಮಾತ್ರ. “ಎಣ್ಣೆ ಮೂರು ರೂಪಾಯಿಗೆ ಹೇಗೆ ಬಂತು ಗೊತ್ತಾ?” ಎಂದು ಅವರು ಕೇಳಿದಾಗ, ನನಗೆ ಗೊತ್ತಿತ್ತು. ಊಟ ಇನ್ನೂ ಬಡಿಸಿರಲಿಲ್ಲವಾದ್ದರಿಂದ ಸುಮ್ಮನಿದ್ದೆ.

ಖಾಸಗಿಯವರನ್ನೇ ಬೈಯುವುದು ಬೇಡ, ನಮ್ಮ ಸಹಕಾರಿ ಹಾಲೂ ಒಮ್ಮೆ ಈ ಪಾಕಶಾಸ್ತ್ರ ಓದಿದೆ. 2024ರ ಜೂನಿನಲ್ಲಿ ನಂದಿನಿ ಪೊಟ್ಟಣಕ್ಕೆ 50 ಮಿಲಿ ಹಾಲು ಹೆಚ್ಚಾಯಿತು, ಜೊತೆಗೆ 2 ರೂಪಾಯಿಯೂ. ಇದು ಬೆಲೆ ಏರಿಕೆಯಲ್ಲ, ಹೆಚ್ಚು ಹಾಲಿಗೆ ಹೆಚ್ಚು ಹಣ ಎಂಬ ಸಮಜಾಯಿಷಿ ಬಂತು. ಅರ್ಧ ಲೀಟರ್ ಸಾಕು ಎನ್ನುವವರೂ 550 ಮಿಲಿ ಕಾಯಿಸಿದರು. 2025ರ ಏಪ್ರಿಲಿನಲ್ಲಿ ಆ 50 ಮಿಲಿ ಸದ್ದಿಲ್ಲದೆ ವಾಪಸು ಹೋಯಿತು. ಅದರ ಜೊತೆಗಿದ್ದ 2 ರೂಪಾಯಿಯ ಜಾಗಕ್ಕೆ ಲೀಟರಿಗೆ 4 ರೂಪಾಯಿ ಬಂದು ಕೂತದ್ದು ಮಾತ್ರ ಸದ್ದು ಮಾಡಿತು. ಖಾಸಗಿ ಅಂಗಡಿಯವರು ಬಂದು ಟ್ಯೂಷನ್ ತೆಗೆದುಕೊಳ್ಳಬೇಕು.

ತರಕಾರಿಯವಳ ಹತ್ತಿರ ‘ಕೊಸರು ಹಾಕಮ್ಮ’ ಎಂದು ನಾಲ್ಕೆಸಳು ಕರಿಬೇವು, ಒಂದು ಹಿಡಿ ಕೊತ್ತಂಬರಿ ಗಿಟ್ಟಿಸುತ್ತಿದ್ದುದಕ್ಕೆ ಯಾವ ಕೋಡೂ ಬೇಕಿರಲಿಲ್ಲ, ನಾಲಗೆ ಇದ್ದರೆ ಸಾಕಿತ್ತು. ಆ ಗಾಡಿ ಬಿಟ್ಟು ಹತ್ತು ನಿಮಿಷದ ಆಪ್‌ಗೆ ಹೋದ ಮೇಲೆ ಕೊತ್ತಂಬರಿಗೂ ಬಿಲ್ಲು ಬಂತು. ಮುಂಬೈಯ ಯಾರೋ ಒಬ್ಬರ ತಾಯಿಗೆ ಇದನ್ನು ಕಂಡು ಎದೆಯೇ ಒಡೆದುಹೋಯಿತಂತೆ. ಮಗ ಅದನ್ನು ಜಗಜ್ಜಾಹೀರು ಮಾಡಿದ. 2024ರ ಮೇ ತಿಂಗಳಲ್ಲಿ ಬ್ಲಿಂಕಿಟ್ ಕಂಪನಿ ಇಷ್ಟು ತರಕಾರಿ ಕೊಂಡರೆ ಕೊತ್ತಂಬರಿ ಉಚಿತ ಎಂದು ಘೋಷಿಸಿತು. ದೇಶ ಚಪ್ಪಾಳೆ ತಟ್ಟಿತು. ನಮ್ಮ ಬೀದಿಯ ತರಕಾರಿಯವಳು ಇಷ್ಟು ವರ್ಷ ಕೊಟ್ಟದ್ದಕ್ಕೆ ಯಾರೂ ತಟ್ಟಿರಲಿಲ್ಲ.

ಡೆಮೊಗೆ ಬರೋಣ. ಬಿಸಿಬೇಳೆಬಾತ್ ಗಟ್ಟಿಯಾಗುತ್ತ ಸೌಟು ನೆಟ್ಟಗೆ ನಿಲ್ಲುವ ಹಂತಕ್ಕೆ ಬಂದಾಗ, ಮೂಲೆಯ ಕುರ್ಚಿಯಲ್ಲಿದ್ದ ಅಜ್ಜಿಯೊಬ್ಬರು ಬಾಯಿಬಿಟ್ಟರು. ಮದ್ದೂರು ಕಡೆಯವರು, ಮಗನ ಮನೆಗೆ ಬಂದಿದ್ದವರು. “ನಮ್ಮಲ್ಲಿ ಬಸ್ಸಾರು ಮಾಡ್ತೀವಿ ಕಣವ್ವ. ಸೊಪ್ಪು, ಬೇಳೆ ಒಟ್ಟಿಗೆ ಬೇಯಿಸೋದು. ಕಟ್ಟು ಬಸಿದು ಖಾರ ಕೂಡಿಸಿದ್ರೆ ಸಾರಾಯ್ತು. ಉಳಿದ ಸೊಪ್ಪಿಗೆ ಒಗ್ಗರಣೆ ಹಾಕಿದ್ರೆ ಪಲ್ಯ. ಬೇಯಿಸಿದ್ದು ಒಂದು, ಆಗಿದ್ದು ಎರಡು. ಇದಕ್ಕೆ ಯಾವ ನಂಬರು ಒತ್ತಬೇಕು?”

ಸಭೆ ಒಂದು ಗಳಿಗೆ ತಬ್ಬಿಬ್ಬಾಯಿತು. ಆಫರಮ್ಮ ಸೋಲುವವರಲ್ಲ. “ಸೂಪರ್ ಐಡಿಯಾ ಅಜ್ಜಿ! ಆದ್ರೆ ಸೊಪ್ಪಿನ ಮೇಲೆ ಈಗ ಆಫರ್ ಇಲ್ವಲ್ಲ.”

ಅಜ್ಜಿಯ ಮಾತಿಗೆ ಪುಳಕಗೊಂಡು ‘ಆಹಾ, ಆ ಕಾಲ!’ ಎಂದು ಕಣ್ಣೊರೆಸಿಕೊಳ್ಳುವ ಬಳಗವೂ ಅಲ್ಲಿತ್ತು, ಹೆಚ್ಚಾಗಿ ಗಂಡಸರು. ಹೀರೆಕಾಯಿ ಸಿಪ್ಪೆಯ ಚಟ್ನಿ, ಕಲ್ಲಂಗಡಿಯ ಬಿಳಿ ತಿರುಳಿನ ದೋಸೆ, ಬಾಳೆದಿಂಡಿನ ಪಲ್ಯ ಎಂದು ಪಟ್ಟಿ ಹೇಳತೊಡಗಿದರು. ಆ ಸಿಪ್ಪೆಯನ್ನು ಒರಳಿನಲ್ಲಿ ರುಬ್ಬಿದವರು ಯಾರು, ಪಲ್ಯದ ತಳದಲ್ಲಿ ಉಳಿದದ್ದನ್ನು ಕೊನೆಯಲ್ಲಿ ಒಬ್ಬರೇ ಕೂತು ಉಂಡವರು ಯಾರು ಎಂಬುದು ಪಟ್ಟಿಯಲ್ಲಿ ಇರಲಿಲ್ಲ. ಹಳೆಯ ಅಡುಗೆಮನೆಯ ಉಳಿತಾಯವೆಲ್ಲ ಹೆಂಗಸಿನ ರಟ್ಟೆಯಿಂದ ಕಿತ್ತದ್ದು, ಹೊಸದರ ಉಳಿತಾಯ ಆಕೆಯ ಸಂಜೆಗಳಿಂದ ಕಿತ್ತದ್ದು. ಆಫರಮ್ಮ ರಾತ್ರಿ ಹನ್ನೆರಡಕ್ಕೆ ಅಲಾರಂ ಇಟ್ಟು ಎದ್ದು ನಾಲ್ಕು ಆಪ್‌ಗಳ ಬೆಲೆ ತಾಳೆ ನೋಡುತ್ತಾರೆ. ಅದಕ್ಕೆ ಗಂಟೆಗೆ ಎಷ್ಟು ಕೂಲಿ ಎಂದು ಯಾವ ಬಿಲ್ಲಿನಲ್ಲೂ ಅಚ್ಚಾಗಿಲ್ಲ. ಕೇಳಿದರೆ ಅವರೇ ಬೇಜಾರು ಮಾಡಿಕೊಳ್ಳುತ್ತಾರೆ.

ಊಟ ಮುಗಿಯಿತು. ರುಚಿಯ ಬಗ್ಗೆ ಯಾರೂ ಮಾತೆತ್ತಲಿಲ್ಲ, “ಇನ್ನೂರಕ್ಕೆ ಸಿಗೋದಾದ್ರೆ ಪರವಾಗಿಲ್ಲ” ಎಂದರು. ನಮ್ಮ ಅಡುಗೆಯ ಇತಿಹಾಸದಲ್ಲಿ ಉಪ್ಪು, ಹುಳಿ, ಖಾರದ ನಂತರ ಸೇರಿದ ಹೊಸ ರುಚಿ ಇದು. ಬಂದವರೆಲ್ಲ ಅಲ್ಲೇ ಕೂತು ಆಫರಮ್ಮನ ರೆಫರಲ್ ಕೋಡ್ ಒತ್ತಿದರು. ಅವರ ಫೋನು ಟಿಂಗ್ ಟಿಂಗ್ ಎಂದು ಮಂಗಳವಾದ್ಯ ನುಡಿಸಿತು. ತಾಂಬೂಲದ ಬದಲು ಎಲ್ಲರ ಕೈಗೂ ಒಂದೊಂದು ಕೂಪನ್ ಕೊಟ್ಟರು: ಐನೂರು ರೂಪಾಯಿ ರಿಯಾಯಿತಿ, ಎರಡೂವರೆ ಸಾವಿರ ಮೀರಿದ ಖರೀದಿಗೆ, ಭಾನುವಾರದೊಳಗೆ.

ಅಜ್ಜಿ ಕನ್ನಡಕ ಸರಿಮಾಡಿಕೊಂಡು ಕೂಪನ್ನನ್ನು ಹಿಂದೆಮುಂದೆ ತಿರುಗಿಸಿದರು. ಹಿಂಬದಿಯನ್ನು ಓದಿಸಿಕೊಂಡವರು ಆ ಸಭೆಯಲ್ಲಿ ಅವರೊಬ್ಬರೇ. ಮೊಮ್ಮಗಳು ಓದಿದಳು: ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆ, ಹಾಲು, ತರಕಾರಿಗೆ ಅನ್ವಯಿಸುವುದಿಲ್ಲ.

“ಅಂಗಾದ್ರೆ ಇದ್ರಲ್ಲಿ ಏನು ಬತ್ತದವ್ವ?”

“ರೂಮ್ ಫ್ರೆಶ್ನರ್ ಬರುತ್ತೆ ಅಜ್ಜಿ” ಎಂದರು ಆಫರಮ್ಮ, “ಅದೂ ಒಂದಕ್ಕೆ ಎರಡು!”

“ಮಡಗು, ಮಡಗು” ಎಂದು ಅಜ್ಜಿ ಕೂಪನ್ನನ್ನು ಮೊಮ್ಮಗಳ ಕೈಗೆ ತುರುಕಿದರು. “ಈ ಊಟ ಉಂಡವರ ಮನೇಲಿ ಇವತ್ತು ರಾತ್ರಿಗೆ ಬೇಕಾಯ್ತದೆ.”