ಸಹಭಾಗಿತ್ವ ಸಂಶೋಧನೆಯ ಸಮಸ್ಕಂಧ ವಿಮರ್ಶೆ: ಒಂದು ಅಲ್ಮೇರಾದ ಪ್ರಕರಣ

ಮೊದಲಿಗೆ ವ್ಯಾಕರಣ. ‘ಸ್ಕೂಲು-ವಿಶ್ವವಿದ್ಯಾಲಯ ಸಹಭಾಗಿತ್ವ’ ಎಂಬುದು ಅರಿಸಮಾಸವೆಂದು ಈ ಲೇಖಕನ ದೃಢಮತ. ಹದಿಮೂರನೇ ಶತಮಾನದ ವೈಯಾಕರಣ ಕೇಶಿರಾಜ ಕನ್ನಡಕ್ಕೂ ಸಂಸ್ಕೃತಕ್ಕೂ ಗಂಟುಹಾಕುವುದನ್ನೇ ಒಪ್ಪಲಿಲ್ಲ. ಆದರೆ ಬಿರುದಾವಳಿಗೆ ವಿನಾಯಿತಿ ಕೊಟ್ಟ. ಆ ಹೆಸರು ಹೊತ್ತ ನಮ್ಮ ಪ್ರಾಜೆಕ್ಟಿನ ಬ್ಯಾನರೂ ಬಿರುದಾವಳಿಯೇ ಆದ್ದರಿಂದ ನಮ್ಮನ್ನು ಕ್ಷಮಿಸುತ್ತಿದ್ದನೆಂದು ನಂಬಿದ್ದೇನೆ.

ಎರಡನೆಯದು ತತ್ತ್ವ. ಬೆಂಗಳೂರಿನ ಹೊರವಲಯದಲ್ಲಿ ಶಾಲೆ ಸ್ಥಾವರ, ವಿಶ್ವವಿದ್ಯಾಲಯ ಜಂಗಮ. ಐಐಐಟಿ 1999ರಲ್ಲಿ ವೈಟ್‌ಫೀಲ್ಡಿನಲ್ಲಿ ಶುರುವಾಗಿ 2003ಕ್ಕೆ ಎಲೆಕ್ಟ್ರಾನಿಕ್ ಸಿಟಿ ಸೇರಿತು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ 2011ರಲ್ಲಿ ಎಲೆಕ್ಟ್ರಾನಿಕ್ ಸಿಟಿಯಲ್ಲಿ ತರಗತಿ ತೆರೆದು, ದಶಕದ ಬಳಿಕ ಸರ್ಜಾಪುರದ ಕಡೆಗೆ ನಡೆಯಿತು. ನಮ್ಮದು ಯಾವುದೆಂದು ಹೇಳೆನು. ಗುರುತು ಮರೆಸುವುದು ಈ ಶಾಸ್ತ್ರದ ಮೊದಲ ನಿಯಮ. ನಾವು ಆರಿಸಿದ ಸರ್ಕಾರಿ ಶಾಲೆ ಮಾತ್ರ ಪೀಣ್ಯದ ಲೇತ್ ಅಂಗಡಿಗಳ ಮಧ್ಯೆ ಇದ್ದಲ್ಲೇ ಇದೆ. ಎರಡರ ನಡುವಿನ ಅಂತರಕ್ಕೆ ಕಿಲೋಮೀಟರ್ ಸಾಲದು, ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ ಎಂಬ ಮಾನವೇ ಬೇಕು.

ಪ್ರಯೋಗ ಸರಳ. ಶಾಲೆಗೊಂದು ಗಾಜಿನ ಬಾಗಿಲಿನ ಅಲ್ಮೇರಾ ಕೊಟ್ಟೆವು. ಒಳಗೆ ಪ್ರಿಸಂ, ಲಿಟ್ಮಸ್ ಕಾಗದ, ಎರಡು ಅಯಸ್ಕಾಂತ. ಫೋಟೊ ಆಯಿತು. “ಸ್ಟಾಕ್ ಎಂಟ್ರಿ ಆದ್ಮೇಲೆ ಕೀ ಕೊಡ್ತೀನಿ ಮೇಡಂ” ಎಂದ ನಮ್ಮ ಸಂಶೋಧನಾ ಸಹಾಯಕ ಅದನ್ನು ಜೇಬಿಗಿಳಿಸಿಕೊಂಡು, ಆಮೇಲೆ ಪಿಎಚ್‌ಡಿಗೆಂದು ಊರೇ ಬಿಟ್ಟ. ಮಕ್ಕಳು ವರ್ಷವಿಡೀ ಗಾಜಿಗೆ ಮೂಗು ಒತ್ತಿ ನೋಡಿದರು. ಇದನ್ನು ಪ್ರಬಂಧದಲ್ಲಿ ‘ವೀಕ್ಷಣಾಧಾರಿತ ಕಲಿಕೆ’ ಎಂದು ನಮೂದಿಸಿದೆವು. ಆರನೇ ಕ್ಲಾಸಿನ ಹುಡುಗನೊಬ್ಬ ಗುಜರಿಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಹೊರಗಿನಿಂದ ಹಿಡಿದು, ಒಳಗಿನದನ್ನು ಟಕ್ಕೆಂದು ಗಾಜಿಗೆ ಎಳೆದುಕೊಂಡ. ಅದು ನಮ್ಮ ವಿಧಾನದಲ್ಲಿ ಇರಲಿಲ್ಲವಾಗಿ ಕೈಬಿಟ್ಟೆವು.

ಇನ್ನು ಸಮಸ್ಕಂಧ ವಿಮರ್ಶೆ, ಅಂದರೆ ಪಿಯರ್ ರಿವ್ಯೂ. 1665ರಲ್ಲಿ ಹೆನ್ರಿ ಓಲ್ಡನ್‌ಬರ್ಗ್ ಲಂಡನ್ನಿನಲ್ಲಿ ಪತ್ರಿಕೆ ಹೊರಡಿಸಿದಾಗ ಈಗಿನ ಕಟ್ಟುಪಾಡು ಇರಲಿಲ್ಲ. ‘ನೇಚರ್’ ಪತ್ರಿಕೆಯೇ ಹೊರಗಿನವರ ಪರೀಕ್ಷೆಯನ್ನು ಕಡ್ಡಾಯ ಮಾಡಿದ್ದು 1973ರಲ್ಲಿ. ಎರಡೂ ಕಡೆ ಗುರುತು ಮರೆಸುವ ಪದ್ಧತಿಯಲ್ಲಿ ಲೇಖಕ ಯಾರೆಂದು ವಿಮರ್ಶಕನಿಗೆ ತಿಳಿಯಬಾರದು, ವಿಮರ್ಶಕ ಯಾರೆಂದು ಲೇಖಕನಿಗೆ ತಿಳಿಯಬಾರದು. ನಮ್ಮ ವಿಷಯದಲ್ಲಿ ಶಾಲೆ ಯಾವುದೆಂದು ಇಬ್ಬರಿಗೂ ಸರಿಯಾಗಿ ತಿಳಿಯದು.

ಮಾರ್ಚಿನಲ್ಲಿ 12 ಮಕ್ಕಳು ಕಡಿಮೆಯಾದದ್ದೇಕೆಂದು ಮೊದಲನೆಯ ವಿಮರ್ಶಕರ ಪ್ರಶ್ನೆ. ಊರ ಜಾತ್ರೆಗೆಂದು ಅಪ್ಪ-ಅಮ್ಮನ ಜೊತೆ ಯಾದಗಿರಿಗೆ ಹೋದರು ಎಂದು ಬರೆದೆ. ‘ಜಾತ್ರೆ’ಗೆ ಆಧಾರಗ್ರಂಥ ಕೇಳಿದರು. ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊದಲ್ಲಿ ತೆರೆದ ಪ್ರಯೋಗಶಾಲೆಯನ್ನು ಪೀಣ್ಯದೊಂದಿಗೆ ಹೋಲಿಸಿ ಎಂದರು ಎರಡನೆಯವರು. ಹೋಲಿಸಿದೆ. ಎರಡೂ ಕಡೆ ಮಕ್ಕಳಿದ್ದಾರೆ.

ಆದರೆ ಸಮಸ್ಕಂಧ ಎಂದರೇನು? ಸ್ಕಂಧವೆಂದರೆ ಹೆಗಲು. ಅಲ್ಮೇರಾವನ್ನು ಟೆಂಪೊದಿಂದ ಇಳಿಸಿ ಹೆಗಲು ಕೊಟ್ಟವರು ಬಿಸಿಯೂಟದ ಅಕ್ಕ ಮತ್ತು ಪಕ್ಕದ ವರ್ಕ್‌ಶಾಪಿನ ವೆಲ್ಡರು. ನಿರುಕ್ತದ ಪ್ರಕಾರ ನಮ್ಮ ಪ್ರಬಂಧವನ್ನು ತೂಗುವ ಹಕ್ಕು ಅವರಿಬ್ಬರದು. ಈ ವಾದವನ್ನು ಸಂಪಾದಕರು ‘ವ್ಯಾಪ್ತಿಯ ಹೊರಗಿನದು’ ಎಂದರು.

ಆದರೂ ಅಚ್ಚಾದ ಪ್ರತಿಯೊಂದನ್ನು ಶಾಲೆಗೆ ಒಯ್ದೆ. ಹೆಡ್‌ಮಿಸ್ಸು ಕನ್ನಡಕ ಏರಿಸಿ, ಕಾಪಿ ಪುಸ್ತಕ ತಿರುವಿದಂತೆ ಪುಟ ತಿರುವಿ, ಕೊನೆಯಲ್ಲಿ ಕೆಂಪು ಇಂಕಿನಲ್ಲಿ ‘ನೋಡಿದೆ’ ಎಂದು ಬರೆದು ರುಜು ಹಾಕಿದರು. ಅಕ್ಕ ಸೌಟು ಹಿಡಿದೇ ಬಾಗಿಲಿಗೆ ಬಂದಳು.

“ಸಾರ್, ಬೀಗದ ಕೈ ತಂದ್ರಾ?”