ಗೋಣಿಚೀಲ ಹೋಗಿ ಸೋಫಾ ಬಂತು

ಸೋಫಾ ಮೇಲೆ ಹಳೇ ಬೆಡ್‌ಶೀಟ್ ಯಾಕೆ ಹೊದಿಸಿದೀರಿ ಅಂತ ಮಾತ್ರ ಕೇಳಬೇಡಿ. ಬಂದವರೆಲ್ಲ ಅದನ್ನೇ ಕೇಳ್ತಾರೆ, ಆಮೇಲೆ ಮೂಲೆ ಎತ್ತಿ ನೋಡ್ತಾರೆ, ನೋಡಿ 'ಅಯ್ಯೋ ಶಿವನೇ' ಅಂತಾರೆ. ಕೈ ಊರೋ ಜಾಗದ ಬಟ್ಟೆಯೆಲ್ಲ ನೂಲುನೂಲಾಗಿ ಒಳಗಿನ ಸ್ಪಂಜು ಇಣುಕ್ತಾ ಇದೆ. ಎರಡು ಬೆಕ್ಕಿನ ಮರಿ, ಒಂದು ಮಳೆಗಾಲ, ಅಷ್ಟು ಸಾಕಾಯ್ತು.

ಆ ನೂಲಿನ ನಡುವೆ ಆಗಾಗ ಉಗುರಿನ ಆಕಾರದ ತೆಳ್ಳನೆ ಸಿಪ್ಪೆ ಸಿಗುತ್ತೆ. ಮೊದಲ ಸಲ ಕಂಡಾಗ ನಮ್ಮತ್ತೆ 'ಪಾಪ, ಉಗುರೇ ಕಿತ್ತು ಬಂದಿದೆ' ಅಂತ ಹೌಹಾರಿ, ಮರಿಯ ಕಾಲು ಹಿಡ್ಕೊಂಡು ಒಂದೊಂದೇ ಬೆರಳು ಒತ್ತಿ ನೋಡ್ತಾ ಕೂತಿದ್ರು. ಎಲ್ಲ ಉಗುರೂ ಇದ್ದಲ್ಲೇ ಇತ್ತು. ಕಳಚಿದ್ದು ಮೇಲಿನ ಹಳೇ ಪದರ ಅಷ್ಟೆ, ಒಳಗಿಂದ ಹೊಸ ಮೊನೆ ಬರುತ್ತೆ. ನಮಗೆ ಆಯುಧಪೂಜೆ ವರ್ಷಕ್ಕೊಂದು, ಇವಕ್ಕೆ ದಿನಾ. ಅದೂ ಅಲ್ಲದೆ ಅಂಗಾಲಲ್ಲಿ ವಾಸನೆಯ ಗ್ರಂಥಿ ಬೇರೆ ಇದೆಯಲ್ಲ. ನಮ್ಮ ಮೂಗಿಗೆ ಹತ್ತದ ಆ ವಾಸನೆ ಅವುಗಳ ಪಾಲಿಗೆ ಖಾತೆ-ಪತ್ರ ಇದ್ದ ಹಾಗೆ. ಒಮ್ಮೆ ಪರಚಿದ ಜಾಗಕ್ಕೇ ಮತ್ತೆ ಮತ್ತೆ ಬರೋದು ಅದಕ್ಕೇ.

ಅಜ್ಜಿ ಮನೇಲಿ ಯಾವ ಕಾಲಕ್ಕೂ ಒಂದು ಬೆಕ್ಕು ಇದ್ದೇ ಇರ್ತಿತ್ತು. ಅದು ಏನಾದ್ರೂ ಹಾಳು ಮಾಡ್ತು ಅಂತ ಯಾರೂ ಬೈದ ನೆನಪಿಲ್ಲ ನನಗೆ. ಹಾಲು-ಮೊಸರು ನೆಲುವಿನ ಮೇಲೆ ತೂಗಾಡ್ತಿತ್ತು. ಬೆಕ್ಕು ಕೆಳಗೆ ಕೂತು ತಲೆ ಎತ್ತಿ ನೋಡೋದು, ಹಿಂಗಾಲು ಅಲ್ಲಾಡಿಸಿ ಲೆಕ್ಕ ಹಾಕೋದು, ಆಮೇಲೆ ಏನೂ ಆಗದವರ ಹಾಗೆ ಮೈ ನೆಕ್ಕಿಕೊಳ್ಳೋದು. ಅಜ್ಜಿ ಅಕ್ಕಿ ಆರಿಸ್ತಾ ಓರೆಗಣ್ಣಲ್ಲಿ ನೋಡಿ, 'ಹಾರು, ಹಾರು, ನೋಡೋಣ' ಅಂತ ಹುರಿದುಂಬಿಸ್ತಿದ್ರು! ಅದಿರಲಿ, ನಾನು ಹೇಳೋಕೆ ಹೊರಟಿದ್ದು ಉಗುರಿನ ವಿಷಯ. ಅಲ್ಲಿ ನಡುಮನೆ ತುಂಬ ಭತ್ತದ ಮೂಟೆ, ನಿಲ್ಲಿಸಿಟ್ಟ ಗೋಣಿಚೀಲ, ಮರದ ಕಂಬ. ಒರಟಾಗಿರಬೇಕು, ನೆಟ್ಟಗಿರಬೇಕು, ಮೈ ಚಾಚಿ ಎಳೆದ್ರೂ ಅಲುಗಾಡಬಾರದು. ಬೆಕ್ಕಿಗೆ ಬೇಕಾದ್ದು ಅಷ್ಟೇ ತಾನೇ? ಗೋಣಿಚೀಲ ಹರಿದ್ರೆ ದಬ್ಬಳ ತಗೊಂಡು ಹೊಲಿದ್ರಾಯ್ತು. ಈಗ ನಮ್ಮ ಹಾಲಿನಲ್ಲಿ ಆ ಮೂರು ಗುಣವೂ ಇರೋ ವಸ್ತು ಸೋಫಾ ಒಂದೇ. ಅವುಗಳ ಕಣ್ಣಿಗೆ ಅದು ದುಬಾರಿ ಗೋಣಿಚೀಲ.

ನಮ್ಮೆಜಮಾನ್ರು ಅಂಗಡಿಯಿಂದ ಪರಚೋ ಕಂಬ ಒಂದನ್ನ ತಂದ್ರು, ತುದಿಯಲ್ಲಿ ಆಡೋ ಚೆಂಡು ಬೇರೆ. ಮರಿಗಳು ಅದು ಬಂದ ರಟ್ಟಿನ ಡಬ್ಬದಲ್ಲಿ ಮಲಗಿದ್ವು. ಕಂಬ ಮುಟ್ಟಿದ್ರೆ ವಾಲುತ್ತೆ, ಅದನ್ನ ಯಾವ ಬೆಕ್ಕು ನಂಬುತ್ತೆ ಹೇಳಿ? ಕೊನೆಗೆ ಹಳೇ ಮೇಜಿನ ಕಾಲಿಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ, ಮೂಲೆಗೆ ತಳ್ಳದೆ ಸೋಫಾ ಪಕ್ಕದಲ್ಲೇ ಇಟ್ವಿ. ಈಗ ಅರ್ಧ ಹೊತ್ತು ಅಲ್ಲಿ, ಅರ್ಧ ಹೊತ್ತು ಇಲ್ಲಿ. ಇಷ್ಟಾದ್ರೂ ಪುಣ್ಯ.

ಬೈದ್ರೆ? ಏನೂ ಇಲ್ಲ. ಕುತ್ತಿಗೆ ಚರ್ಮ ಹಿಡಿದು ಎತ್ತಿದ್ರೆ ಕೈಕಾಲು ಇಳಿಬಿಟ್ಟು ತೆಪ್ಪಗಾಗುತ್ತೆ, ನೀವುಂಟು ಲೋಕವುಂಟು ಅಂತ. ಶ್ರೀವೈಷ್ಣವರಲ್ಲಿ ತೆಂಗಲೆಯವರು ಮಾರ್ಜಾಲ ನ್ಯಾಯ ಅಂತಾರಲ್ಲ, ತಾಯಿ ಕಚ್ಚಿಕೊಂಡು ಹೋದ ಕಡೆ ಮರಿ ಸುಮ್ನೆ ಹೋಗೋದು, ಭಕ್ತ ಅಂದ್ರೆ ಹಾಗಿರಬೇಕು ಅಂತ. ಕೋತಿಮರಿಯ ಹಾಗೆ ತಾನೇ ಗಟ್ಟಿಯಾಗಿ ಹಿಡ್ಕೋಬೇಕು ಅನ್ನೋದು ವಡಗಲೆಯವರ ವಾದ. ನಮ್ಮ ಮರಿಗಳನ್ನ ನೋಡಿದ್ರೆ ನನಗೆ ಎರಡೂ ಸರಿ ಅನ್ಸುತ್ತೆ. ಕೈಯಲ್ಲಿದ್ದಾಗ ತೆಂಗಲೆ, ಕಿಟಕಿ ಪರದೆ ಸಿಕ್ಕಿದ ತಕ್ಷಣ ವಡಗಲೆ!

ಹಲ್ಲಿನ ಕಥೆ ಬೇರೆ. 26 ಹಾಲುಹಲ್ಲು ಉದುರಿ 30 ಗಟ್ಟಿ ಹಲ್ಲು ಬರೋ ಹೊತ್ತಿಗೆ ಮರಿಗೆ ಆರು ತಿಂಗಳು ದಾಟುತ್ತೆ. ಅಲ್ಲಿವರೆಗೆ ಚಾರ್ಜರ್ ವೈರು, ಚಪ್ಪಲಿ ಪಟ್ಟಿ, ಪೊರಕೆ ಕಡ್ಡಿ, ಯಾವುದೂ ಉಳಿಯಲ್ಲ. ದೇವರ ಮನೆಯ ಗೆಜ್ಜೆವಸ್ತ್ರ ಗಣಪತಿ ಕೊರಳಿಂದ ಜಾರಿದ್ರೆ ಅಡುಗೆಮನೆ ಬಾಗಿಲಲ್ಲಿ ಸಿಗುತ್ತೆ. ಅದಕ್ಕೆ ನಗಬಹುದು. ಸೂಜಿ-ದಾರಕ್ಕೆ ಮಾತ್ರ ನಗಬೇಡಿ. ನಾಲಿಗೆ ಮೇಲಿನ ಮುಳ್ಳುಗಳೆಲ್ಲ ಗಂಟಲ ಕಡೆ ಬಾಗಿರೋದ್ರಿಂದ ಬಾಯಿಗೆ ಹೋದ ದಾರ ಉಗುಳೋಕಾಗದೆ ಒಳಗೇ ಹೋಗುತ್ತೆ, ಹೋಗಿ ಕರುಳನ್ನೇ ಕುಯ್ಯಬಹುದು. ಹಾಗಾಗಿ ನಮ್ಮನೇಲಿ ಹೊಲಿಗೆ ಡಬ್ಬಕ್ಕೆ ಬೀಗ, ಒಡವೆ ಬೀರು ಬೇಕಾದ್ರೆ ತೆಗೆದೇ ಇರುತ್ತೆ.

ಹೋದ ವರ್ಷದ ಮರಿಗಳ ತಂಡ ಗೊಂಬೆ ಹಬ್ಬದಲ್ಲಿ ಮಾಡಿದ್ದನ್ನೂ ಹೇಳಿಬಿಡ್ತೀನಿ. ಕೆಳಗಿನ ಮೆಟ್ಟಿಲ ಮುಂದೆ ಮಣ್ಣು ಹರಡಿ ರಾಗಿ ಮೊಳಕೆ ಬರಿಸಿ ಪಾರ್ಕು ಮಾಡಿದ್ರೆ, ಕೆದಕೋಕೆ ಹದವಾದ ಮಣ್ಣು ಸಿಕ್ತು ಅಂತ ಅದನ್ನ ಕಕ್ಕಸು ಮಾಡ್ಕೊಂಡ್ವು. ಶೆಟ್ಟಿ ದಂಪತಿ ಅಂಗಡಿ ಮುಂದೇನೇ, ವ್ಯಾಪಾರ ನಡೆಯೋ ಹೊತ್ತಲ್ಲಿ! ಮೂರನೇ ದಿನ ಒಂದು ಮರಿ ಮೇಲಿನ ಮೆಟ್ಟಿಲಿಂದ ದಶಾವತಾರದ ಒಂದು ಗೊಂಬೆ ಸಮೇತ ಉರುಳಿತು. ಬೆಕ್ಕು ಗಾಳಿಯಲ್ಲೇ ತಿರುಗಿ ಕಾಲೂರೋದನ್ನ 1894ರಲ್ಲೇ ಪ್ಯಾರಿಸ್ಸಿನಲ್ಲಿ ಮಾರೇ ಅನ್ನೋ ವಿಜ್ಞಾನಿ ಸಾಲು ಫೋಟೋ ತೆಗೆದು ತೋರಿಸಿದ್ರಂತೆ. ನಮ್ಮ ಮರಿಯೂ ಹಾಗೇ ನಿಂತು ಮೈ ಕೊಡವಿತು. ಮಣ್ಣಿನ ಗೊಂಬೆಗೆ ಆ ವಿದ್ಯೆ ಎಲ್ಲಿಂದ ಬರಬೇಕು? ಹತ್ತರಲ್ಲಿ ಒಡೆದದ್ದು ಯಾವುದು ಹೇಳಿ, ನರಸಿಂಹ. ದಾಯಾದಿ ಮತ್ಸರ ಇರಬೇಕು.

ಈ ಸಲ ಗೊಂಬೆಗಳನ್ನ ಗಾಜಿನ ಬೀರುವಿನಲ್ಲೇ ಬಿಡೋಣ ಅಂದ್ರು ಯಜಮಾನ್ರು. ಅತ್ತೆ ಒಪ್ಪಲಿಲ್ಲ. ಚನ್ನಪಟ್ಟಣದ ಮರದ ಗೊಂಬೆ ಕೆಳಗಿರಲಿ, ಮಣ್ಣಿನವು ಎತ್ತರದಲ್ಲಿ ಕ್ಷೇಮ ಅಂತ ತೀರ್ಮಾನ ಆಗಿದೆ. ಮರಿಗಳಿಗೆ ಎತ್ತರವೇ ಇಷ್ಟ ಅಂತ ನಾನು ಬಾಯಿಬಿಡಲಿಲ್ಲ. ಹಬ್ಬದ ಹೊತ್ತಲ್ಲಿ ಮಾತಿಗೆ ಮಾತು ಯಾಕೆ, ಅಲ್ವಾ?