ಸೊನೆ, ಸೊನ, ಸೊನ್ನೆ

"ಏನ್ ನಾಯ್ನಾ, ನಿಮ್ಮ ಬೆಂಗ್ಳೂರು ಹುಡುಗನ ಮೂತಿ ನೋಡಿದ್ಯಾ?" ಬೇಲಿಯಾಚೆಯಿಂದ ಅವ್ವ ಕೂಗಿದ್ದು ಜಗಳಕ್ಕೆ ಕರೆದ ಹಾಗಿತ್ತು.

ನೋಡಿದ್ದೆ. ರಜೆಗೆ ಬಂದ ತಂಗಿಯ ಮಗ, ಮರದಿಂದ ಆಗಷ್ಟೇ ಕಿತ್ತ ತೋತಾಪುರಿಯನ್ನು ತೊಟ್ಟಿನ ಕಡೆಯಿಂದಲೇ ಕಚ್ಚಿದ್ದ. ತುಟಿಯ ಎಡಮೂಲೆ ಕಪ್ಪಗೆ ಸುಟ್ಟು, ಅರ್ಧ ಮೀಸೆ ಬಂದಂತಿತ್ತು. "ಜ್ಯೂಸ್ ತಾಗಿ ಅಲರ್ಜಿ ಆಯ್ತು" ಅಂದ.

"ಜ್ಯೂಸಂತೆ! ಅದು ಸೊನೆ ಕಣೋ. ಸೀನಿವಾಸ್ಪುರದಾಗೆ ಹುಟ್ಟಿದ್ರೆ ಹಲ್ಲು ಬರೋ ಮುಂಚೇನೇ ತಿಳೀತಿತ್ತು" ಎಂದು ಅವ್ವ ನಕ್ಕರು. (ಅವ್ವ ಅಂದರೆ ಈ ಕಡೆಯ ತೆಲುಗು ಮನೆಗಳಲ್ಲಿ ಅಜ್ಜಿ.)

ರಸ ಬೇಕಾದರೆ ಹಿಂಡಬೇಕು. ಸೊನೆ ಕೇಳದೆಯೇ ಬರುತ್ತದೆ. ತೊಟ್ಟು ಮುರಿದ ಕೂಡಲೇ ಚಿಮ್ಮಿ, ಆಮೇಲೆ ತನ್ನಷ್ಟಕ್ಕೆ ಒಸರುತ್ತಾ ಕೂರುತ್ತದೆ. ಮೊದಲು ಚಿಮ್ಮುವುದರಲ್ಲಿ ಎಣ್ಣೆಯಂಶ ಹೆಚ್ಚು, ಜೋರಾಗಿ ಸುಡುವುದೂ ಅದೇ. ಮಾವು ಗೇರಿನ ದಾಯಾದಿಯಲ್ಲವೇ, ಗುಣ ಎಲ್ಲಿ ಹೋದೀತು! ಮಾವಿನ ಸಿಪ್ಪೆಯನ್ನೂ ಅದು ಬಿಡುವುದಿಲ್ಲ. ಸೊನೆ ಹರಿದ ದಾರಿಯಲ್ಲಿ ಕಪ್ಪು ಗೆರೆ ಬೀಳುತ್ತದೆ, ಮಂಡಿಯಲ್ಲಿ ರೇಟು ಇಳಿಯುತ್ತದೆ. ಅದಕ್ಕೇ ಬಾದಾಮಿ, ಮಲ್ಲಿಕಾ ಕೊಯ್ಯುವ ಜಾಣರು ತೊಟ್ಟು ಉಳಿಸಿ ಕತ್ತರಿಸುತ್ತಾರೆ. ಆಮೇಲೆ ತೊಟ್ಟು ಮುರಿದು, ಕಾಯನ್ನು ತಲೆಕೆಳಗಾಗಿಟ್ಟು ಸೊನೆ ಇಳಿಸುತ್ತಾರೆ. ಮಲೆನಾಡಿನವರ ಲೆಕ್ಕ ಬೇರೆ. ಅಪ್ಪೆಮಿಡಿಯ ತೊಟ್ಟು ಮುರಿದು ಸೊನೆ ಹೋದರೆ ಉಪ್ಪಿನಕಾಯಿಯ ಘಮವೇ ಹೋಯಿತೆಂದು ಅಲ್ಲಿ ಗೋಳು.

"ಮೊಟ್ಟೆಗೂ ಸೊನ ಐತಲ್ಲ" ಅಂದರು ಅವ್ವ.

ಇದೇ ನೋಡಿ ಕೋಲಾರ ಸೀಮೆಯ ಮಜಾ. ನಮ್ಮ ಸೊನೆ ತೆಲುಗಿನಲ್ಲಿ ಸೊನ. ಅಷ್ಟಕ್ಕೇ ನಿಂತಿಲ್ಲ, ಮೊಟ್ಟೆಯ ಬಿಳಿ ಅವರಿಗೆ ತೆಲ್ಲಸೊನ, ಹಳದಿ ಪಚ್ಚಸೊನ. ನಾವೋ, ಅಣ್ಣತಮ್ಮಂದಿರು ಜಮೀನು ಹಂಚಿಕೊಂಡ ಹಾಗೆ ಬಿಳಿ ಭಾಗ, ಹಳದಿ ಭಾಗ ಅನ್ನುತ್ತೇವೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಒಂದೇ ವಾಕ್ಯ ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಮಾಲೂರಿನ ಮಾಸ್ತಿಯವರ ಮನೆಮಾತು ತಮಿಳು, ಜ್ಞಾನಪೀಠ ಬಂದದ್ದು ಕನ್ನಡಕ್ಕೆ.

ಒಸರುವುದಕ್ಕೆಲ್ಲ ಸೊನೆ ಅನ್ನಬಹುದಾ ಎಂದ ಹುಡುಗ. ಎಲ್ಲಾದರೂ ಉಂಟೇ? ಎಕ್ಕ, ಕಳ್ಳಿ, ಪಪ್ಪಾಯಿಯದು ಹಾಲು. ಜಾಲಿಯದು ಗೋಂದು. ಹಲಸಿನದು ಅಂಟು, ಕರಾವಳಿಗೆ ಹೋದರೆ ಮೇಣ. ಗಾಯದ್ದು ಕೀವು...

"ಥೂ, ಬೆಳಬೆಳಿಗ್ಗೆ!" ಅವ್ವ ತಡೆದರು.

ಅವರೆಕಾಯಿಯದು ಸೊಗಡು. ಚಳಿಗಾಲದಲ್ಲಿ ಒಂದು ಮೊರ ಕಾಯಿ ಸುಲಿದರೆ ಬೆರಳು ಸಂಜೆಯವರೆಗೂ ಘಮ್ಮೆನ್ನುತ್ತದೆ. ಆ ಪದದ ಅದೃಷ್ಟ ದೊಡ್ಡದು. ವಿಮರ್ಶಕರು ಕಂಡಕಂಡ ಕಾದಂಬರಿಗೆಲ್ಲ ಮಣ್ಣಿನ ಸೊಗಡು ಬಳಿದರು. ಅವರಲ್ಲಿ ಎಷ್ಟು ಜನ ಅವರೆಕಾಯಿ ಸುಲಿದಿದ್ದಾರೋ! ಸೊನೆಗೆ ಮಾತ್ರ ಈ ಯೋಗ ಬರಲಿಲ್ಲ. "ಈ ಕಥೆಯಲ್ಲಿ ಸೊನೆಯಿದೆ" ಎಂದು ಬರೆದವರನ್ನು ನಾನು ಕಂಡಿಲ್ಲ. ಓದಿದರೆ ತುಟಿ ಸುಡುವ ಕಥೆಗಳಿಗೆ ಇದಕ್ಕಿಂತ ಒಳ್ಳೆಯ ಮಾತು ಎಲ್ಲಿ ಸಿಕ್ಕೀತು?

ಮಾತು ಸುಮ್ಮನೆ ಗಡಿ ದಾಟುತ್ತದೆ, ಕಾಯಿಗೆ ಆ ಭಾಗ್ಯವಿಲ್ಲ. ನಮ್ಮ ತೋತಾಪುರಿಗೆ ದೊಡ್ಡ ಗಿರಾಕಿಯೇ ಚಿತ್ತೂರು ಕಡೆಯ ತಿರುಳಿನ ಕಾರ್ಖಾನೆಗಳು. 2025ರ ಜೂನ್‌ನಲ್ಲಿ ಅಲ್ಲಿಯ ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಬರಕೂಡದೆಂದು ತಡೆಯಿತು. ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಆ ವರ್ಷದ ಮಾತೆತ್ತಿದರೆ ಅವ್ವನಿಗೆ ಇಂದಿಗೂ ಸಿಟ್ಟು.

"ಸೊನೆ ನಮ್ ಕೈಗೆ, ಸೊನ್ನೆ ನಮ್ ಜೋಬಿಗೆ" ಅಂದವರೇ ಒಳಗೆ ಹೋದರು.

ತಿರುಗಿ ಬಂದಾಗ ಕೈಯಲ್ಲಿ ತಟ್ಟೆ. ತೊಟ್ಟು ತೆಗೆದು, ನೀರಲ್ಲಿ ನೆನೆಹಾಕಿ ಹೆಚ್ಚಿದ ತೋತಾಪುರಿ, ಮೇಲೆ ಉಪ್ಪು ಖಾರದಪುಡಿ. ಬೇಲಿಯ ಮೇಲಿಂದಲೇ ದಾಟಿಸಿದರು. ಹುಡುಗ ಅನುಮಾನದಿಂದ ಮೂಸಿ ನೋಡಿ ಒಂದು ಹೋಳು ಬಾಯಿಗಿಟ್ಟವನೇ ತುಟಿ ಹಿಡಿದುಕೊಂಡು ಕುಣಿದ.

"ಅವ್ವಾ, ಸೊನೆ! ಸೊನೆ!"

"ಸೊನೆಯೆಲ್ಲ ತೊಳೆದಿವ್ನಿ. ಅದು ಖಾರ ಕಣೋ" ಅಂದರು ಅವ್ವ, ತಟ್ಟೆಯಿಂದ ತಾವೂ ಒಂದು ಹೋಳು ಎತ್ತಿಕೊಳ್ಳುತ್ತಾ.